ಗಿರಾಕಿಯ ಕೈ ನೋಡಿ ಆಟ ಕೊಡುವ ಜೋಹರಾಬಿ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಕಾರಟಗಿಯ ರೈಸ್ ಮಿಲ್ಲುಗಳ ಕಡೆಯಿಂದ ಬೆಂದ ಭತ್ತದ ಬಿಸಿ ವಾಸನೆ ರಸ್ತೆಗಿಳಿದಿದೆ. ಅರ್ಧ ಎತ್ತಿದ ಶಟರಿನ ಒಳಗೆ ಜೋಹರಾಬಿ ನೆಲಕ್ಕೆ ಕೂತು, ಸ್ಕ್ರೂಗಳನ್ನು ತುಟಿಯಲ್ಲಿ ಕಚ್ಚಿಕೊಂಡು, ಹಲಗೆಯೊಂದರ ಅಡಿಗೆ ಸೈಕಲ್ ಸೀಟಿನ ಸ್ಪ್ರಿಂಗ್ ಕೂರಿಸುತ್ತಿದ್ದಾರೆ. ಬೆನ್ನ ಹಿಂದೆ ಆಳೆತ್ತರದ ಪ್ಲೈವುಡ್ ಪೆಟ್ಟಿಗೆ. ಅದರ ತೆರೆಯ ಮೇಲೆ ಇಬ್ಬರು ಜಗಜಟ್ಟಿಗಳು ಮುಷ್ಟಿ ಬಿಗಿದು, ಯಾರಾದರೂ ಬಂದು ನಮ್ಮನ್ನು ಹೊಡೆದಾಡಿಸಿ ಎನ್ನುವಂತೆ ನಿಂತಲ್ಲೇ ಕುಣಿಯುತ್ತಿದ್ದಾರೆ.

ಸ್ಕ್ರೂ ಬಾಯಿಂದ ತೆಗೆದು ಜೋಹರಾಬಿ ಮಾತಿಗಿಳಿಯುತ್ತಾರೆ. “ಹ್ವಾದ ವಾರ ಸಣ್ಣ ಸ್ಪ್ರಿಂಗ್ ಹಾಕಿದ್ನಿರಿ. ಓಬಳೆಪ್ಪ ಒಮ್ಮೆ ತುಳದಾ, ರೊಟ್ಟಿ ಆಗಿ ಕುಂತು ಬಿಡ್ತು. ತಪ್ಪು ಅವಂದಲ್ಲ, ನಂದು. ಹಮಾಲರ ಕಾಲು ಅಂದ್ರ ಏನಂತ ನನಗ ತಿಳೀಬೇಕಿತ್ತು.”

ವಿಡಿಯೋ ಗೇಮಿಗೆ ಕೈ ಬೇಕು, ಕಾಲೇಕೆ ಎಂದು ಯಾರಿಗಾದರೂ ಅನ್ನಿಸೀತು. ಓಬಳೆಪ್ಪನಿಗೆ ಬೇಕು. ಇಪ್ಪತ್ತು ವರ್ಷಗಳಿಂದ ಈ ಪೆಟ್ಟಿಗೆಯ ಮುಂದೆ ನಿಂತು ಆಡಿದ ಹಮಾಲ ಆತ. ಕಳೆದ ಶ್ರಾವಣದಲ್ಲಿ ಲಾರಿಯ ಮೇಲಿಂದ ಜಾರಿದ ಅಕ್ಕಿಚೀಲ ಅವನ ಬಲಗೈ ಮೇಲೆ ಬಿತ್ತು. ಮೂಳೆ ಕೂಡಿತು, ಬೆರಳು ಮಡಚಲಿಲ್ಲ. ಮಿಲ್ಲಿನವರು ಅವನನ್ನು ಗೇಟಿನಲ್ಲಿ ಲಾರಿ ಬಿಡುವ ಕೆಲಸಕ್ಕೆ ಹಾಕಿದರು. ಅಂದಿನಿಂದ ಆತ ಮನೆಗೆ ಹೋಗುವಾಗ ಜೋಹರಾಬಿಯ ಅಂಗಡಿ ತಪ್ಪಿಸಿ ಹಿಂದಿನ ಓಣಿ ಹಿಡಿಯುತ್ತಾನೆ. ಆತ ಮತ್ತೆ ಈ ಪೆಟ್ಟಿಗೆಯ ಮುಂದೆ ಬಂದು ನಿಲ್ಲಬೇಕು. ಈ ಹಲಗೆ, ಸ್ಪ್ರಿಂಗ್, ಸ್ಕ್ರೂಗಳ ಒದ್ದಾಟವೆಲ್ಲ ಅಷ್ಟಕ್ಕೇ.

ಅಂಗಡಿಗೆ ಬೋರ್ಡಿಲ್ಲ. ‘ಆಟದ ಬೀಬಿ ಅಂಗಡಿ’ ಎಂದರೆ ಆಟೋದವರು ಮರುಮಾತಿಲ್ಲದೆ ಕರೆತಂದು ಇಳಿಸುತ್ತಾರೆ. ಮುಂದೆ ಮೊಬೈಲ್ ಕವರು, ಚಾರ್ಜರುಗಳ ಸಾಲು. ಒಳಗೆ ಹಳೆಯ ಸೀಡಿ, ಕ್ಯಾಸೆಟ್ಟು, ಬಿಚ್ಚಿಟ್ಟ ಜಾಯ್‌ಸ್ಟಿಕ್ಕುಗಳು. ಮೂಲೆಯಲ್ಲಿ ಈ ಪೆಟ್ಟಿಗೆ. ರಾತ್ರಿ ಲಾರಿ ತುಂಬಿ ಮುಗಿಸಿದ ಹಮಾಲರು ತಲೆತುಂಬ ತೌಡಿನ ಪುಡಿ ಹೊತ್ತು ಬೆಳಿಗ್ಗೆ ಆರಕ್ಕೆಲ್ಲ ಬಂದು, ಚಹಾ ಕುಡಿದು, ಒಂದೆರಡು ಪಂದ್ಯ ಆಡಿ, ಆಮೇಲೆ ಮನೆಗೆ ಹೋಗಿ ಮಲಗುತ್ತಾರೆ. ಊರೆಲ್ಲ ಹಲ್ಲುಜ್ಜುವ ಹೊತ್ತಿಗೆ ಇಲ್ಲಿ ಹೊಡೆದಾಟ ರಂಗೇರಿರುತ್ತದೆ.

ಕತೆ ಶುರುವಾದದ್ದು 1998ರಲ್ಲಿ. ಜೋಹರಾಬಿಯ ಗಂಡ ಶಫೀಸಾಬರು ಟೀವಿ ರಿಪೇರಿಯವರು. ಹೊಸಪೇಟೆಯ ಗುಜರಿಯಲ್ಲಿ ಕೆಟ್ಟು ಕೂತಿದ್ದ ಆಟದ ಪೆಟ್ಟಿಗೆಯೊಂದನ್ನು ಕಂಡು ಮನಸೋತು, ಮನೆಯಲ್ಲಿ ಹೇಳದೆ ಕೇಳದೆ ಟಾಂಟಾಂ ಆಟೋದಲ್ಲಿ ಹೇರಿಕೊಂಡು ಬಂದರು. ಜೋಹರಾಬಿ ಮೊದಲು ಬೈದರು, ಆಮೇಲೆ ಹಿಂಬಾಗಿಲು ತೆಗೆದು ನೋಡಿದರು. ಗಂಗಾವತಿಯಲ್ಲಿ ಅವರ ಅಪ್ಪನದು ಸೈಕಲ್ ಶಾಪು. ಬೇರಿಂಗು, ಬುಶ್ಶು, ಸ್ಪ್ರಿಂಗುಗಳ ನಡುವೆಯೇ ಬೆಳೆದ ಹೆಣ್ಣುಮಗಳಿಗೆ ಒಳಗಿದ್ದ ಲಿವರು ಪರಿಚಯದ ಮುಖದಂತೆ ಕಂಡಿತು. ಗಂಡ ತೆರೆ ರಿಪೇರಿ ಮಾಡಿದರೆ, ಹೆಂಡತಿ ಲಿವರು ಮಾಡಿದರು.

“ಟೀವಿ ಖಾತೆ ನಂದು, ಲಿವರು, ಕಟ್ಟಿಗಿ ಖಾತೆ ಆಕಿದು,” ಎನ್ನುತ್ತಾರೆ ಬಾಗಿಲ ಬಳಿಯ ಸ್ಟೂಲಿನಲ್ಲಿ ಚಹಾ ಹೀರುತ್ತಿರುವ ಶಫೀಸಾಬರು. “ನಾಕು ಟೀವಿ ಸುಟ್ಟು ಹ್ವಾದ್ವು. ಕಟ್ಟಿಗಿ ಇನ್ನೂ ಗಟ್ಟಿ ಐತಿ. ಈಗ ನನಗ ಕಣ್ಣು ಸರಿಯಾಗಿ ಕಾಣಂಗಿಲ್ರಿ, ಚಹಾ ಖಾತೆ ಒಂದ ಉಳದೈತಿ.”

ಮೂಟೆ ಹೊತ್ತ ಕೈಗಳ ಹೊಡೆತಕ್ಕೆ ಗುಜರಿಯಿಂದ ಬಂದ ಪ್ಲಾಸ್ಟಿಕ್ ಲಿವರು ತಾಳಲಿಲ್ಲ. ಜೋಹರಾಬಿ ಅದನ್ನು ಕಿತ್ತು ಸೈಕಲ್ ಪೆಡಲಿನ ಕಬ್ಬಿಣದ ಕಡ್ಡಿ ಹಾಕಿದರು. ಗುಂಡಿಗಳ ಕೆಳಗೆ ಟ್ಯೂಬಿನ ರಬ್ಬರ್ ಕತ್ತರಿಸಿ ಕೂರಿಸಿದರು. ಆ ಗಟ್ಟಿತನದ ಸುದ್ದಿ ಹಬ್ಬಿ, ಇವತ್ತಿಗೂ ಕೊಪ್ಪಳ, ಕುಷ್ಟಗಿ, ಯಲಬುರ್ಗಾದಿಂದ ಮುರಿದ ಜಾಯ್‌ಸ್ಟಿಕ್ಕುಗಳು ಕೈಚೀಲದಲ್ಲಿ ಕೂತು ಬಸ್ಸಿನಲ್ಲಿ ಬರುತ್ತವೆ, ರಿಪೇರಿಯಾಗಿ ಬಸ್ಸಿನಲ್ಲೇ ವಾಪಸ್ಸು ಹೋಗುತ್ತವೆ.

ಹಮಾಲರು ತೆರೆಯ ಮೇಲಿನ ಜಟ್ಟಿಗಳಿಗೆಲ್ಲ ತಮ್ಮದೇ ನಾಮಕರಣ ಮಾಡಿದ್ದಾರೆ. ಅಂಗೈಯಿಂದ ಉರಿ ಎಸೆಯುವವನು ಬೆಂಕೆಪ್ಪ. ಉದ್ದ ಜಡೆ ಬೀಸಿ ಗಾಳಿಯಲ್ಲೇ ನಾಲ್ಕು ಒದೆ ಒದೆಯುವವಳು ಜಡಿಯಕ್ಕ. ಕಲ್ಲುಗುಂಡಿನಂಥ ಮೈಯ, ಒಂದು ಹೆಜ್ಜೆ ಇಡಲು ಯೋಚನೆ ಮಾಡುವ ದೈತ್ಯ ಗುಂಡಣ್ಣ. ಗುಂಡಣ್ಣನ ಒಂದೇ ಹೊಡೆತಕ್ಕೆ ಎದುರಾಳಿಯ ಅರ್ಧ ಬಲ ಇಳಿಯುತ್ತದೆ. ಆದರೆ ಆ ಒಂದು ಹೊಡೆತ ಬೀಳುವ ತನಕ ಕಾಯುವ ತಾಳ್ಮೆ ಯಾರಿಗಿದೆ? ಹಾಗಾಗಿ ಅವನನ್ನು ಯಾರೂ ಮುಟ್ಟುವುದಿಲ್ಲ. ಮೂಟೆಯಂಥ ಮೈಯ ಓಬಳೆಪ್ಪನ ಪ್ರೀತಿಯಂತೂ ಮೊದಲಿನಿಂದಲೂ ಜಡಿಯಕ್ಕನ ಮೇಲೆಯೇ.

ಆಟ ಮಾರುವುದರಲ್ಲಿ ಜೋಹರಾಬಿಗೆ ಒಂದು ನೇಮವಿದೆ. ಮನೆಯಲ್ಲಿ ಆಡಲು ಸೀಡಿ ಕೊಳ್ಳಬಂದವರು ಮೊದಲು ಪೆಟ್ಟಿಗೆಯ ಮುಂದೆ ಒಂದು ಪಂದ್ಯ ಪುಕ್ಕಟೆ ಆಡಬೇಕು. ಅದಕ್ಕೆ ‘ಕೈ ತೋರಿಸುವುದು’ ಎಂದು ಹೆಸರು. ಜೋಹರಾಬಿ ಹಿಂದೆ ನಿಂತು ತೆರೆಯನ್ನಲ್ಲ, ಕೈಯನ್ನು ನೋಡುತ್ತಾರೆ. “ಕೆಲವ್ರು ಹೋಗೂದ ತಡ ಮ್ಯಾಲ ಬೀಳ್ತಾರ. ಕೆಲವ್ರು ದೂರ ನಿಂತು ಎಸಿತಾರ. ಕೆಲವ್ರು ಲಿವರ್ ಹಿಂದಕ ಜಗ್ಗಿ, ಹೊಡತಾ ತಡಕೊಂಡು, ಸಂದು ಸಿಗೂತನಾ ಕಾಯ್ತಾರ. ಮ್ಯಾಲ ಬೀಳೋ ಕೈಗೆ ಕದ್ದು ಅಡಗೋ ಆಟ ಕೊಟ್ರ ಎರಡು ದಿನಾ ಆಡಂಗಿಲ್ರಿ. ಶಾಪಾ ಹಾಕ್ಕೋತ ಮೂಲಿಗೆ ಇಡ್ತಾರ.”

ಈ ನೇಮ ಹುಟ್ಟಿದ್ದು ಒಂದು ಎಡವಟ್ಟಿನಿಂದ. ಟೀವಿಗೆ ಸಿಕ್ಕಿಸುವ ಕ್ಯಾಸೆಟ್ಟುಗಳ ಕಾಲ. ಸಾವಿರಾರು ಆಟಗಳಿವೆ ಎಂದು ಮೇಲೆ ಅಚ್ಚಾಗಿರುತ್ತಿತ್ತು, ಕತ್ತಿ ಹಿರಿದ ವೀರನ ಚಿತ್ರ ಬೇರೆ. ಜೋಹರಾಬಿ ಆ ಚಿತ್ರವನ್ನೇ ನಂಬಿ ಅಳವಂಡಿಯ ಮೇಷ್ಟ್ರೊಬ್ಬರಿಗೆ ಮಾರಿದರು. ಮೇಷ್ಟ್ರು ಎರಡು ಬಸ್ಸು ಬದಲಿಸಿ ಮರಳಿ ಬಂದರು. ಸಿಟ್ಟಿನಿಂದಲ್ಲ, ತೀರಾ ಬೆಪ್ಪಾಗಿ. “ಹುಡುಕಿ ಹುಡುಕಿ ಸಾಕಾತ್ರಿ ಬೀಬಿಯವ್ರ, ಇದರಾಗ ಕತ್ತಿ ಎಲ್ಲೈತಿ?” ಎಂದು ಕೇಳಿದರು. ಅಂಗಡಿಯಲ್ಲೇ ಹಾಕಿ ನೋಡಿದರೆ, ಇಟ್ಟಿಗೆ ಜೋಡಿಸುವ ಆಟ, ಬಾತುಕೋಳಿಗೆ ಗುರಿಯಿಡುವ ಆಟ, ಅವೇ ನಾಲ್ಕಾರು ಬೇರೆ ಬೇರೆ ಹೆಸರಲ್ಲಿ ಸರತಿ ನಿಂತಿದ್ದವು. ಕತ್ತಿ ಕವರಿನ ಮೇಲೆ ಮಾತ್ರ ಇತ್ತು. ಜೋಹರಾಬಿಗೆ ನಾಚಿಕೆಯಿಂದ ತಲೆಯೆತ್ತಲು ಆಗಲಿಲ್ಲ.

“ಸಾರು ಮಾಡಿದ್ರ ಉಪ್ಪು ನೋಡಿ ಬಡಸ್ತೀವಿ. ಆಟಾ ಯಾಕ ಹಂಗ ಮಾರಬೇಕು?” ಅಂದಿನಿಂದ ಅಂಗಡಿಗೆ ಬಂದ ಪ್ರತಿಯೊಂದು ಆಟವನ್ನೂ ಅವರು ನಸುಕಿನಲ್ಲಿ, ಶಟರ್ ಪೂರ್ತಿ ಎತ್ತುವ ಮೊದಲು, ತಾವೇ ಆಡಿ ನೋಡಿದ್ದಾರೆ. ಒಬ್ಬರೇ. ಗಿರಾಕಿಗಳ ಎದುರು ಎಂದೂ ಲಿವರು ಹಿಡಿದವರಲ್ಲ. ಅದೂ ಒಂದು ನೇಮ. “ನಾ ಗೆದ್ರ ಗಿರಾಕಿಗೆ ಬ್ಯಾಸರ. ಬೇಕಂತ ಸೋತ್ರ ಅವಂಗ ಅವಮಾನ. ಆಡದಿದ್ರ ಇಬ್ರಿಗೂ ಛಲೋ.”

ಆಟದ ಕಂಪನಿಗಳ ಜಾಣತನ ಅವರಿಗೆ ಹಳೆಯ ನೆಂಟರ ಗುಣದಷ್ಟು ಚೆನ್ನಾಗಿ ಗೊತ್ತು. ಪೆಟ್ಟಿಗೆ ಮಾಡಿದವರು ಮೊದಲಿಬ್ಬರು ಎದುರಾಳಿಗಳನ್ನು ಬೆಣ್ಣೆಯಂತೆ ಮೆತ್ತಗೆ ಇಟ್ಟು, ಮೂರನೆಯವನನ್ನು ಮೊಂಡನನ್ನಾಗಿ ಮಾಡುತ್ತಿದ್ದರು. ಗೆಲುವಿನ ರುಚಿ ಹತ್ತಿದವನು ಅಲ್ಲಿ ಸೋತು ಮತ್ತೊಂದು ನಾಣ್ಯ ಹಾಕಲಿ ಎಂದು. ಈಗ ಮೊಬೈಲಿನಲ್ಲಿ ಆಟ ಪುಕ್ಕಟೆ, ಕತ್ತಿಗೆ ಬೇರೆ ದುಡ್ಡು. “ಆವಾಗ ಸೋತ ಮ್ಯಾಲ ರೊಕ್ಕಾ ಕೇಳ್ತಿತ್ತು. ಈಗ ಗೆಲ್ಲಾಕ ರೊಕ್ಕಾ ಕೇಳ್ತೈತಿ. ಸೋತ ರೊಕ್ಕಕ್ಕ ಒಂದೀಟು ಕೈಯರ ಪಳಗ್ತಿತ್ರಿ,” ಎಂದು ನಗುತ್ತಾರೆ. ನಗುವಿನಲ್ಲಿ ಕೊರಗೇನೂ ಇಲ್ಲ. ಕಾಲ ಬದಲಾಗಿದೆ, ಅಂಗಡಿ ನಡೆಯುತ್ತಿದೆ, ಬೆಳಗಿನ ಹಮಾಲರು ಬರುತ್ತಿದ್ದಾರೆ.

ಒಬ್ಬನು ಮಾತ್ರ ಬರುತ್ತಿರಲಿಲ್ಲ. ತಿಂಗಳುಗಟ್ಟಲೆ ನೋಡಿ, ಜೋಹರಾಬಿಯೇ ಮಿಲ್ಲಿನ ಗೇಟಿಗೆ ಹೋದರು. ಸಮಾಧಾನ ಹೇಳಲಿಲ್ಲ, ಕರುಣೆ ತೋರಿಸಲಿಲ್ಲ. “ಒಂದು ಸಾಮಾನು ಮಾಡೀನಿ ತಮ್ಮಾ. ಅದು ಮುರಿತೈತಿಲ್ಲೋ ನೋಡಬೇಕು. ನಿನ್ನ ಕಾಲು ಬೇಕು, ಕೈ ಅಲ್ಲ,” ಎಂದರು. ಹೋದ ವಾರ ಓಬಳೆಪ್ಪ ಬಂದು ತುಳಿದ, ಸ್ಪ್ರಿಂಗು ಕುಸಿದು ಕೂತಿತು. ಅವನ ಮುಖವೂ ಬಾಡಿತು. ಅವನು ಹೊರಟಾಗ ಜೋಹರಾಬಿ, ಇನ್ನು ಜಡಿಯಕ್ಕನನ್ನು ಬಿಡು, ಗುಂಡಣ್ಣನನ್ನು ಹಿಡಿ ಎಂದರೆ, “ಗುಂಡಣ್ಣನ್ನ ಆಡಾಕ ನಾ ಏನ್ ಮುದುಕ ಆಗೀನೇನಕ್ಕಾ?” ಎಂದು ರೇಗಿದ.

ಜೋಹರಾಬಿಯ ಲೆಕ್ಕಾಚಾರ ಬೇರೆ ಇತ್ತು. ಲಿವರು ಎಡಗೈಯದು, ಹೊಡೆತ ತಡೆಯುವುದು ಅದನ್ನು ಹಿಂದಕ್ಕೆ ಜಗ್ಗಿದಾಗ. ಓಬಳೆಪ್ಪನ ಎಡಗೈ ಇನ್ನೂ ಚುರುಕು. ಹೊಡೆಯುವ ಗುಂಡಿಗಳು ಬಲಗೈಯವು; ಅವನ್ನೇ ಈಗ ಮೂರು ಪೆಡಲುಗಳಾಗಿ ಕಾಲಿನ ಕೆಳಗೆ ತಂದಿದ್ದಾರೆ, ಒಂದೊಂದರ ಅಡಿಗೂ ಮನೆಬಾಗಿಲಿನ ಬೆಲ್ಲಿನ ಸ್ವಿಚ್ಚು. ಎಷ್ಟಾದರೂ ಕಾಲು ಕೈಬೆರಳಿನಷ್ಟು ಬೇಗ ಓಡದು. ತಡೆಯುವುದು ಚುರುಕು, ಹೊಡೆಯುವುದು ನಿಧಾನ ಎಂದಾದರೆ ಅದು ಗುಂಡಣ್ಣನ ಆಟವೇ. ಆದರೆ ಇಪ್ಪತ್ತು ವರ್ಷ ನುಗ್ಗಿ ಹೊಡೆದವನಿಗೆ ಇದನ್ನು ಬಾಯಿಮಾತಲ್ಲಿ ಒಪ್ಪಿಸುವುದು ಹೇಗೆ?

ಹೊಸ ಸ್ಪ್ರಿಂಗ್ ತುಳಿದು ನೋಡು ಎಂದು ಜೋಹರಾಬಿ ಹೇಳಿಕಳಿಸಿದ್ದರಿಂದ, ಆರರ ಹೊತ್ತಿಗೆ ಓಬಳೆಪ್ಪ ಬರುತ್ತಾನೆ. ಬಲಗೈ ಜೇಬಿನಲ್ಲಿದೆ. ಹಿಂದೆಯೇ ಆರೇಳು ಹಮಾಲರು, ಏನೂ ಗೊತ್ತಿಲ್ಲದವರಂತೆ ಚಹಾದ ನೆಪ ಹೇಳಿಕೊಂಡು. ಜೋಹರಾಬಿ ಸ್ಟೂಲು ಸರಿಸಿ ಕೂರಿಸುತ್ತಾರೆ. ಅವನು ಪೆಡಲು ತುಳಿಯುತ್ತಾನೆ, ಸ್ಪ್ರಿಂಗು ಕಿರ್ರೆಂದು ಮೇಲೆ ಬರುತ್ತದೆ. ಮತ್ತೆ ಜೋರಾಗಿ ತುಳಿಯುತ್ತಾನೆ. ಮುರಿಯುವುದಿಲ್ಲ.

ಜಡಿಯಕ್ಕನನ್ನೇ ಆರಿಸುತ್ತಾನೆ. ನುಗ್ಗುತ್ತಾನೆ. ಕಾಲು ತಡವರಿಸುತ್ತದೆ, ಜಡಿಯಕ್ಕ ಒದೆಯಬೇಕಾದಲ್ಲಿ ಒದೆ ತಿನ್ನುತ್ತಾಳೆ. ಹಿಂದೆಲ್ಲ ಕಣ್ಣುಮುಚ್ಚಿ ದಾಟುತ್ತಿದ್ದ ಮೊದಲ ಎದುರಾಳಿಯೇ ಅವನನ್ನು ಮಲಗಿಸುತ್ತಾನೆ. ಇನ್ನೊಮ್ಮೆ, ಮತ್ತೆ ಸೋಲು. ಓಬಳೆಪ್ಪ ಸ್ಟೂಲು ಬಿಟ್ಟು ಏಳುತ್ತಾನೆ. “ಬ್ಯಾಡ ಬಿಡಕ್ಕಾ. ಇದು ನನ್ನ ಆಟ ಅಲ್ಲ ಈಗ.”

ಜೋಹರಾಬಿ ಸೆರಗು ಸೊಂಟಕ್ಕೆ ಸಿಕ್ಕಿಸಿ ಎರಡನೆಯ ಲಿವರಿನ ಮುಂದೆ ಬಂದು ನಿಲ್ಲುತ್ತಾರೆ. “ಕುಂದ್ರು. ನನ್ನ ಜೋಡಿ ಆಡು.”

ಶಫೀಸಾಬರು ಎದ್ದು ಪೆಟ್ಟಿಗೆಯ ಹತ್ತಿರಕ್ಕೆ ಬರುತ್ತಾರೆ. ಹಮಾಲರು ಲೋಟ ಕೆಳಗಿಡುತ್ತಾರೆ. ಬೀಬಿ ಆಡುವುದನ್ನು ಅವರಲ್ಲಿ ಯಾರೂ ಕಂಡವರಲ್ಲ. ಜೋಹರಾಬಿ ಬೆಂಕೆಪ್ಪನನ್ನು ಹಿಡಿಯುತ್ತಾರೆ. ಪಂದ್ಯ ಶುರುವಾಯಿತೆನ್ನುವಷ್ಟರಲ್ಲಿ ಮುಗಿಯುತ್ತದೆ. ಜಡಿಯಕ್ಕ ಹತ್ತಿರ ಬಂದಾಗೆಲ್ಲ ಮುಖಕ್ಕೇ ಉರಿ. ದಯೆ ದಾಕ್ಷಿಣ್ಯ ಒಂದೂ ಇಲ್ಲ. ಹಿಂದೆ ನಿಂತ ಈಶಪ್ಪ ಎಂಬ ಹಿರಿಯ ಹಮಾಲ ತಡೆಯಲಾರದೆ, “ಒಂದೀಟು ಸಾವಕಾಶ ಆಡ್ರಿ ಬೀಬಿ,” ಎಂದು ಗೊಣಗುತ್ತಾನೆ. ಜೋಹರಾಬಿ ತಿರುಗಿ ಸಹ ನೋಡುವುದಿಲ್ಲ.

ಓಬಳೆಪ್ಪ ಸ್ಟೂಲನ್ನು ಮುಂದಕ್ಕೆ ಎಳೆದುಕೊಳ್ಳುತ್ತಾನೆ. ಆಮೇಲೆ, ಯಾರೂ ಹೇಳದೆ, ಲಿವರನ್ನು ಸರಿಸುತ್ತ ಸರಿಸುತ್ತ ಜಡಿಯಕ್ಕನನ್ನು ದಾಟಿ ಗುಂಡಣ್ಣನ ಮೇಲೆ ತಂದು ನಿಲ್ಲಿಸುತ್ತಾನೆ.

ಈ ಸಲ ಅವನು ನುಗ್ಗುವುದಿಲ್ಲ. ಎಡಗೈ ಹಿಂದಕ್ಕೆ ಜಗ್ಗಿದೆ, ಉರಿ ಬಂದು ಗುಂಡಣ್ಣನ ತೋಳಿಗೆ ಬಡಿದು ಆರುತ್ತದೆ. ಮತ್ತೊಂದು, ಅದೂ ಆರುತ್ತದೆ. ಗುಂಡಣ್ಣ ಅರ್ಧ ಹೆಜ್ಜೆ ಮುಂದೆ, ಮತ್ತೆ ತಡೆ, ಮತ್ತೆ ಅರ್ಧ ಹೆಜ್ಜೆ. ಬೆಂಕೆಪ್ಪ ಒಮ್ಮೆ ಗುರಿ ತಪ್ಪಿ ಹಾರಿದ್ದೇ ತಡ, ಓಬಳೆಪ್ಪನ ಎರಡೂ ಪಾದ ಒಟ್ಟಿಗೇ ಪೆಡಲಿನ ಮೇಲೆ ಬೀಳುತ್ತವೆ. ಬೆಂಕೆಪ್ಪ ತೆರೆಯ ಆ ಅಂಚಿಗೆ ಹೋಗಿ ಬೀಳುತ್ತಾನೆ, ಅರ್ಧ ಬಲ ಇಳಿದುಹೋಗಿದೆ. ಹಮಾಲರ ಕೂಗಿಗೆ ಎದುರಿನ ಕಟ್ಟೆಯ ನಾಯಿ ಎದ್ದು ಓಡುತ್ತದೆ.

ಆದರೂ ಗೆದ್ದದ್ದು ಜೋಹರಾಬಿಯೇ. ಎದ್ದ ಬೆಂಕೆಪ್ಪ ದೂರದಲ್ಲೇ ಸುತ್ತಿ ಸುತ್ತಿ ಕೊನೆಗೂ ಗುಂಡಣ್ಣನನ್ನು ಕೆಡವುತ್ತಾನೆ.

ಎಲ್ಲರೂ ಓಬಳೆಪ್ಪನ ಮುಖ ನೋಡುತ್ತಾರೆ. ಅವನು ಜೇಬಿನಿಂದ ಬಲಗೈ ತೆಗೆದು, ಮಡಚದ ಬೆರಳುಗಳಿಂದಲೇ ಹಣೆಯ ಬೆವರು ಒರೆಸಿಕೊಳ್ಳುತ್ತಾನೆ. ಆಮೇಲೆ ಹೊಟ್ಟೆ ಕುಲುಕಿಸಿ ನಗುತ್ತಾನೆ. “ಇಷ್ಟ್ ವರ್ಷ ಹಿಂದ ನಿಂತು ನೋಡಿಕೋತ ನಮ್ಮ ಆಟಾ ಎಲ್ಲಾ ಕದ್ದೀರಲ್ಲಕ್ಕಾ! ಬೇಕಂತ ಸೋತಿದ್ರ ನಾ ಮತ್ತ ಈ ಕಡಿ ಕಾಲ ಇಡ್ತಿದ್ದಿಲ್ಲ ನೋಡ್ರಿ.” ಬಾಗಿಲ ತನಕ ಹೋದವನು ತಿರುಗುತ್ತಾನೆ. “ಆ ಬಲಗಡಿ ಪೆಡಲು ತುಸು ಈಚಿಗೆ ತರ್ರಿ. ನಾಳಿಗೆ ಬರ್ತೀನಿ.”

ಹೋಗುವಾಗ ಹಿಂದಿನ ಓಣಿಗೆ ತಿರುಗುವುದಿಲ್ಲ. ಅಂಗಡಿಯ ಮುಂದಿನ ರಸ್ತೆಯಲ್ಲೇ ಈಶಪ್ಪನೊಂದಿಗೆ ವಾದ ಮಾಡುತ್ತ ನಡೆಯುತ್ತಾನೆ. ಜೋಹರಾಬಿ ಆಗಲೇ ಸ್ಕ್ರೂಡ್ರೈವರ್ ಹಿಡಿದು ನೆಲಕ್ಕೆ ಕೂತಾಗಿದೆ. ಇನ್ನೇನಾದರೂ ಆಸೆ ಇದೆಯೇ ಎಂದು ಕೇಳಿದರೆ, ಬಲಗಡೆಯ ಪೆಡಲು ಬಿಚ್ಚುತ್ತಲೇ ಉತ್ತರಿಸುತ್ತಾರೆ.

“ಅವ ಒಮ್ಮೆರ ನನ್ನ ಸೋಲಸಬೇಕ್ರಿ. ನಾ ಅಂತೂ ಬಿಟ್ಟುಕೊಡಂಗಿಲ್ಲ.”