ಹೊಲಕ್ಕೆಂದೇ ಒಂದು ಜೊತೆ

ಗುಂಯ್ ಎಂದು ಸಣ್ಣಗೆ ಎಳೆಯುತ್ತಿದ್ದ ಆ ಟ್ಯೂನಿಂಗ್ ಫೋರ್ಕಿನ ಸದ್ದು ಈಗಲೂ ನನ್ನ ಕಿವಿಯಲ್ಲಿದೆ. ಕಾನ್ವೆಂಟಿನ ಲ್ಯಾಬಿನಲ್ಲಿ ಅದನ್ನು ಪಕ್ಕದವಳ ಮೂಗಿಗೆ ತಾಗಿಸಿ ಸಿಸ್ಟರ್ ಕೈಲಿ ಬೈಸಿಕೊಂಡವಳು ನಾನು. ಅರವತ್ತು ವರ್ಷದ ಮೇಲೆ ಚಾಮರಾಜನಗರದ ಪಾದದ ಕ್ಲಿನಿಕ್ಕಿನಲ್ಲಿ ಅಂಥದ್ದೇ ಒಂದನ್ನು ಕಂಡಾಗ ಹಳೆಯ ಕ್ಲಾಸ್‌ಮೇಟ್ ಸಿಕ್ಕಷ್ಟು ಖುಷಿಯಾಯಿತು.

ಬಗ್ಗಿ ಉಗುರು ಕತ್ತರಿಸಿಕೊಳ್ಳಲಾಗದೆ ತಿಂಗಳಿಗೊಮ್ಮೆ ಅಲ್ಲಿಗೆ ಹೋಗುತ್ತಿದ್ದೆ. ರಿಟೈರ್ಡ್ ಟೀಚರಾದ ನನ್ನ ಹ್ಯಾಂಡ್‌ರೈಟಿಂಗ್ ನೋಡಿ ಡಾಕ್ಟರ್ ಹುಡುಗಿ ನೋಟೀಸ್ ಬೋರ್ಡು ಬರೆಯುವ ಕೆಲಸ ಒಪ್ಪಿಸಿದ್ದಳು. ಕಾಲಾಣಿ ತೆಗೆಯಲಾಗುವುದು, ಶುಗರ್ ಇರುವವರಿಗೆ ಪಾದದ ಪರೀಕ್ಷೆ, ಬುಧವಾರ ಗುಂಡ್ಲುಪೇಟೆಯಲ್ಲಿ. ಕೊನೆಗೆ ಒಂದು ಸಾಲು: ಚಪ್ಪಲಿ ಹೊರಗೆ ಬಿಡಬೇಡಿ, ಒಳಗೆ ತನ್ನಿ. ಚಪ್ಪಲಿ ನೋಡದೆ ಕಾಲು ಹೇಗೆ ನೋಡುವುದು ಎಂಬುದು ಅವಳ ವಾದ. ಜನ ಮಾತ್ರ ದೇವಸ್ಥಾನಕ್ಕೆ ಬಂದಂತೆ ಬಾಗಿಲಲ್ಲೇ ಬಿಟ್ಟು ಬರುತ್ತಿದ್ದರು.

ಉಡಿಗಾಲದಿಂದ ಒಬ್ಬ ಹೆಂಗಸು ಬರುತ್ತಿದ್ದಳು. ಚೆಂಡುಹೂವು ಬಿಡಿಸುವ ಕೆಲಸ. ಹೆಬ್ಬೆರಳ ಬುಡದಲ್ಲಿ ಮಾಗದ ಹುಣ್ಣು. ಡಾಕ್ಟರ್ ಫೋರ್ಕ್ ಮಿಡಿದು ಬೆರಳಿಗೆ ಹಿಡಿದರೆ, "ಕಿವಿಗೆ ಕೇಳ್ತದ ಕಣವ್ವ, ಕಾಲ್ಗೆ ಗೊತ್ತಾಗದಿಲ್ಲ" ಎನ್ನುತ್ತಿದ್ದಳು. ಶುಗರಿನಿಂದ ಪಾದದ ಅರಿವೇ ಹೋಗಿತ್ತು, ಪೂರ್ ಥಿಂಗ್. ಮೆತ್ತನೆಯ ಚಪ್ಪಲಿ ಮಾಡಿಸಿಕೊಟ್ಟು ತಿಂಗಳಾದರೂ ಹುಣ್ಣು ಇನ್ನಷ್ಟು ಆಳವಾಗಿತ್ತು.

ಡಾಕ್ಟರ್ ಅವಳ ಚಪ್ಪಲಿ ಒಳಗೆ ತರಿಸಿ ತಿರುಗಿಸಿ ನೋಡಿದಳು. ಅಟ್ಟೆ ಸವೆದೇ ಇರಲಿಲ್ಲ.

"ಇದನ್ನ ಹಾಕ್ಕೊಂಡು ಕೆಲಸ ಮಾಡ್ತೀರಾ?"

"ಒಲಕ್ಕ ಆಕ್ಕಂಡೋದಾರಾ? ಬದಿನ್ ಮೇಲೆ ಬುಟ್ಬುಟ್ಟು ಇಳೀತೀನಿ. ಭೂಮ್ತಾಯ್ನ ಚಪ್ಲಿ ಕಾಲಲ್ಲಿ ತುಳಿಯದಾ?"

"ಹೀಗೇ ಆದ್ರೆ ಬೆರಳು ತೆಗೀಬೇಕಾಗುತ್ತೆ."

"ಓದ್ರೆ ಓಗ್ಲಿ ಬುಡಿ, ಇನ್ನೂ ಒಂಬತ್ತವೆ," ಎಂದು ನಕ್ಕಳು. ಆಮೇಲೆ ಸೆರಗನ್ನು ಬೆರಳಿಗೆ ಸುತ್ತುತ್ತಾ ಮೆಲ್ಲಗೆ ಕೇಳಿದಳು, "ಆಮೇಕೆ ನಿಂತ್ಕಂಡು ಊವ ಬುಡ್ಸಕಾದದಾ?"

ಡಾಕ್ಟರ್ ಹುಣ್ಣಿಗೆ ಪಟ್ಟಿ ಸುತ್ತತೊಡಗಿದಳು. ನನಗೆ ಕಾನ್ವೆಂಟಿನ ಕ್ಯಾನ್ವಾಸ್ ಶೂ ನೆನಪಾಯಿತು. ಚಾಪೆಲ್ಲಿನ ಪ್ರಾರ್ಥನೆಗೆ ಎಂದೇ ಬೇರೆ ಜೊತೆ, ಅದು ರಸ್ತೆ ತುಳಿಯುವಂತಿರಲಿಲ್ಲ.

"ನೋಡಮ್ಮ," ಎಂದೆ, "ಹೊಲಕ್ಕೆಂದೇ ಒಂದು ಜೊತೆ ಇಟ್ಟುಕೋ. ಬೀದಿ ಮೆಟ್ಟದ್ದು. ಅದಕ್ಕೆಲ್ಲಿಂದ ಮೈಲಿಗೆ?"

ಅವಳು ಸವೆಯದ ಅಟ್ಟೆಯ ಮೇಲೆ ಬೆರಳಾಡಿಸಿದಳು. "ನಮ್ಮತ್ತೆಗೆ ನೀವೇ ಬಂದು ಏಳ್ತೀರಾ ಟೀಚರಮ್ಮ?"

ನಾನು ಹೋಗಬೇಕಾಗಲಿಲ್ಲ. ಡಾಕ್ಟರ್ ಇನ್ನೊಂದು ಜೊತೆ ಮಾಡಿಸಿದಳು. ಮೊದಲ ದಿನ ಆ ಹೆಂಗಸು ಅದಕ್ಕೆ ಅರಿಶಿನ ಹಚ್ಚಿ, ಬದುವಿನ ಮೇಲೆ ನಿಂತು ಕೈಮುಗಿದು ಮೆಟ್ಟಿದಳಂತೆ.

ಅವಳನ್ನು ಕೊನೆಯ ಸಲ ನೋಡಿದ್ದು ಹುಣ್ಣು ಪೂರ್ತಿ ಮಾಗಿದ ದಿನ. ಹೊಲದ ಜೊತೆಯನ್ನು ಚೀಲದಿಂದ ತೆಗೆದು ತೋರಿಸಿದಳು. ಅಟ್ಟೆಯಲ್ಲಿ ಒಣಗಿದ ಮಣ್ಣು, ಚೆಂಡುಹೂವಿನ ಎಸಳು. ಡಾಕ್ಟರ್ ಅದನ್ನು ತನ್ನ ಬಿಳಿ ಶೀಟಿನ ಮೇಲೇ ಇಡಿಸಿದಳು. ಫೋರ್ಕ್ ಗುಂಯ್ ಎಂದಿತು. ಕಾಲಿಗೆ ಆಗಲೂ ಗೊತ್ತಾಗಲಿಲ್ಲ.

ಹೊರಡುವಾಗ ಬಾಗಿಲ ಬಳಿಯ ಚಪ್ಪಲಿಗಳ ನಡುವೆ ಬಗ್ಗಿ ಹುಡುಕತೊಡಗಿದಳು. "ನನ್ ಚಪ್ಲಿಯ ಯಾರೋ ಮೆಟ್ಕಂಡೋಗವ್ರೆ."

"ಕಾಲು ನೋಡ್ಕೊಳ್ಳಮ್ಮ," ಎಂದೆ.

ಒಳಗೆ ತಂದು ಅಲ್ಲೇ ಮೆಟ್ಟಿಕೊಂಡಿದ್ದ ಬೀದಿಯ ಜೊತೆ ಅವಳ ಕಾಲಲ್ಲೇ ಇತ್ತು. ಸೆರಗನ್ನು ಬಾಯಿಗಿಟ್ಟು ನಕ್ಕಳು. ಆಮೇಲೆ ಒಂದೊಂದು ಹೆಜ್ಜೆಯನ್ನೂ ಕಣ್ಣಿಂದ ನೋಡಿಕೊಳ್ಳುತ್ತಾ ಮೆಟ್ಟಿಲಿಳಿದು ಹೋದಳು.