ಬ್ಯಾರನ್ ಮನೆಯ ಡ್ರೈಯರ್

ನಮ್ಮ ಮನೆಯಲ್ಲಿ ಒಣಗಿಸುವ ವಿಚಾರದಲ್ಲಿ ಕೊನೆಯ ಮಾತು ಅಪ್ಪನದು. ಹನಗೋಡಿನ ಹತ್ತಿರ ನಮ್ಮದು ಹೊಗೆಸೊಪ್ಪು ಬೆಳೆಯುವ ಹೊಲ. ಮಳೆಗಾಲದಲ್ಲಿ ಮುರಿದು ತಂದ ಹಸಿ ಎಲೆಯನ್ನು ಕಡ್ಡಿಗಳಿಗೆ ಕಟ್ಟಿ, ಬ್ಯಾರನ್ ಎಂಬ ಎತ್ತರದ ಕಟ್ಟಡದೊಳಗೆ ಸಾಲುಸಾಲಾಗಿ ತೂಗುಹಾಕಿ, ಕೆಳಗಿನಿಂದ ಶಾಖ ಕೊಟ್ಟು, ಎಲೆ ಹೊಂಬಣ್ಣಕ್ಕೆ ಬರುವವರೆಗೆ ಕಾಯುವುದು ಅಪ್ಪ ಮೀಸೆ ಮೂಡುವ ಮೊದಲಿನಿಂದ ಮಾಡಿಕೊಂಡು ಬಂದ ಕೆಲಸ. ಹೀಗಾಗಿ ಹಪ್ಪಳ, ಮೆಣಸಿನಕಾಯಿ, ತಲೆಗೂದಲು, ನೀರಿಗೆ ಬಿದ್ದ ಮೊಬೈಲು, ಯಾವುದನ್ನು ಒಣಗಿಸುವಾಗಲೂ ಅಪ್ಪನ ಅಭಿಪ್ರಾಯ ಸಿಗುತ್ತದೆ. ಕೇಳಬೇಕೆಂದೇನಿಲ್ಲ.

ನನಗೆ ಒಣಗಿಸಬೇಕಾಗಿದ್ದುದು ಬೇರೆ. ಆ ಪದವನ್ನು ಬರೆಯುವುದು ನನಗೆ ಅಷ್ಟು ಸುಲಭವಲ್ಲ, ಆದರೆ ಓದುವವರಿಗೆ ಗೊಂದಲವಾಗಬಾರದೆಂದು ಒಮ್ಮೆ ಬರೆದುಬಿಡುತ್ತೇನೆ: ಒಳಉಡುಪು. ಇನ್ನು ಮುಂದೆ ‘ಆ ಬಟ್ಟೆಗಳು’ ಎನ್ನುತ್ತೇನೆ.

ನಮ್ಮ ಬಟ್ಟೆ ಒಣಗುವ ತಂತಿ ಹಿತ್ತಿಲ ಅಂಗಳದಲ್ಲಿದೆ. ತಂತಿಗೆ ಎದುರಾಗಿ ಚಪ್ಪರ. ಹೊಗೆಸೊಪ್ಪಿನ ಕಾಲದಲ್ಲಿ ಆ ಚಪ್ಪರದಡಿ ಊರಿನ ಹೆಂಗಸರು ಬೆಳಗಿನಿಂದ ಸಂಜೆಯವರೆಗೆ ಸೊಪ್ಪು ಕಟ್ಟುತ್ತಾರೆ. ಕೈಗೆ ಕೆಲಸ, ಕಣ್ಣಿಗೆ ಬಿಡುವು. ಒಂದು ಸಲ ನಾನು ಹೊಸ ಚೂಡಿದಾರ್ ಒಣಹಾಕಿದ್ದಕ್ಕೆ ಅದರ ಬಟ್ಟೆ, ಬೆಲೆ, ಕುತ್ತಿಗೆಯ ಅಳತೆಗಳ ಬಗ್ಗೆ ಮಧ್ಯಾಹ್ನದ ಊಟದವರೆಗೂ ಚರ್ಚೆಯಾಗಿತ್ತು. ಇನ್ನು ಆ ಬಟ್ಟೆಗಳನ್ನು ಅಲ್ಲಿ ಹಾಕುವುದುಂಟೇ? ಅವ್ವನ ಉಪಾಯ ಹಳೆಯದು: ಮೇಲೆ ಸೀರೆ, ಅದರಡಿ ಲಂಗ, ಅದರಡಿ ಆ ಬಟ್ಟೆ. ಬೇಸಿಗೆಯಲ್ಲಿ ಸರಿ. ಆಷಾಢದ ಜಡಿಮಳೆಯಲ್ಲಿ ಹೀಗೆ ಮೂರು ಪದರದ ಕೆಳಗೆ ಅರೆಬರೆ ಒಣಗಿದ್ದನ್ನು ತೊಟ್ಟುಕೊಂಡು ಹುಣಸೂರಿನ ಕಾಲೇಜಿಗೆ ಬಸ್ಸಿನಲ್ಲಿ ಹೋಗಿ ರಸಾಯನಶಾಸ್ತ್ರ ಪಾಠ ಮಾಡುವುದು ಎಂಥ ಅನುಭವವೆಂದು ವಿವರಿಸಲಾರೆ.

ಆದ್ದರಿಂದ ಡ್ರೈಯರ್ ತಂದೆ. ಗೋಣಿಕೊಪ್ಪದ ಕಡೆ ಯಾರೋ ಹೋಂಸ್ಟೇ ಮುಚ್ಚುತ್ತಿದ್ದರು, ಅವರಿಂದ ಕೊಂಡದ್ದು. ಗೂಡ್ಸ್ ಆಟೋದಲ್ಲಿ ಬಂತು. ಬಿಳಿ ಬಣ್ಣದ ತಗಡಿನ ಪೆಟ್ಟಿಗೆ, ಒಳಗೆ ತಿರುಗುವ ಡ್ರಮ್ಮು, ಹಿಂದೆ ಬಿಸಿ ಹಬೆ ಹೊರಹೋಗಲು ಆನೆಯ ಸೊಂಡಿಲಿನಂಥ ಮಡಿಕೆ ಮಡಿಕೆಯ ಪೈಪು. ಬಾಗಿಲಿಗೆ ಗಾಜಿರಲಿಲ್ಲ. ಗಾಜಿನ ಬಾಗಿಲಿನದು ಇನ್ನೊಂದಿತ್ತು, ನೋಡಲು ಅದೇ ಚೆನ್ನಾಗಿತ್ತು. ನಾನು ಈ ಕುರುಡು ಬಾಗಿಲಿನದನ್ನೇ ಆರಿಸಿದೆ. ಹಿತ್ತಿಲ ಕಡೆಯ ಸಣ್ಣ ಕೋಣೆಯಲ್ಲಿ ಇಟ್ಟು, ದಪ್ಪ ಪಿನ್ನಿನ ಪ್ಲಗ್ಗಿಗೆ ಪ್ರತ್ಯೇಕ ವೈರು ಎಳೆಸಿ, ಪೈಪಿನ ತುದಿಯನ್ನು ಕಿಟಕಿಯಿಂದ ಹೊರಗೆ ಬಿಟ್ಟೆ. ಆ ಕಿಟಕಿ ಚಪ್ಪರದ ಕಡೆಗೇ ತೆರೆಯುತ್ತದೆಂಬುದು ಗೊತ್ತಿತ್ತು. ಹಬೆ ಅಷ್ಟು ಕಾಣಿಸುತ್ತದೆಂಬುದು ಗೊತ್ತಿರಲಿಲ್ಲ.

“ಮಿಸ್ಸಮ್ಮ, ಏನ್ ಬೇಯಿಸ್ತಾ ಇದ್ದೀರಿ ಒಳ್ಗೆ?” ಎಂದು ಚಪ್ಪರದಡಿಯಿಂದ ಹಿರಿಯಾಕೆಯೊಬ್ಬಳು ಕೂಗಿದಳು. ಸೊಪ್ಪು ಕಟ್ಟುವವರ ಗುಂಪಿಗೆ ಅವಳೇ ಮುಂದಾಳು.

“ಏನಿಲ್ಲ, ಬಟ್ಟೆ.”

“ಬಟ್ಟೆಯಾ? ಬೆಂದ್ ಮೇಲೆ ನಮ್ಗೂ ಒಂದ್ ತುತ್ತು ಕೊಡಿ.”

ಅಪ್ಪ ಒಳಗೆ ಬಂದು ಪೆಟ್ಟಿಗೆಯ ಬೆನ್ನು ಸವರಿದರು, ಕಿವಿಯಿಟ್ಟು ಕೇಳಿದರು, ಪೈಪಿನ ಬಾಯಿಗೆ ಅಂಗೈ ಹಿಡಿದರು. “ಈಟು ಶಾಖ ಮೊದ್ಲೇ ಕೊಟ್ಬುಟ್ರೆ ಬಣ್ಣ ಕೆಡ್ತದೆ ಕಣವ್ವ. ಮೊದ್ಲು ಮೆತ್ತಗೆ ಕೊಡ್ಬೇಕು, ಆಮೇಲೆ ಏರಿಸ್ಕೊಂಡು ಓಗ್ಬೇಕು.”

“ಇದು ಬಟ್ಟೆ ಅಪ್ಪ. ಇದಕ್ಕೆ ಬಣ್ಣ ಬರಿಸೋದು ಬೇಡ.”

“ಯಾವ್ದಾದ್ರೇನು, ನೀರು ನೀರೇ. ಅದು ಒಂಟೋಗೋ ದಾರಿ ಒಂದೇ,” ಎಂದರು. ಭೌತಶಾಸ್ತ್ರದ ಪ್ರಕಾರ ಇದನ್ನು ಅಲ್ಲಗಳೆಯುವುದು ಕಷ್ಟ.

ಡ್ರೈಯರಿನ ಬಾಗಿಲ ಬಳಿ ಒಂದು ಜಾಲರಿಯಿದೆ. ಬಟ್ಟೆಯಿಂದ ಉದುರುವ ನವಿರು ನೂಲೆಲ್ಲ ಅದಕ್ಕೆ ಹತ್ತಿಕೊಳ್ಳುತ್ತದೆ. ಪ್ರತಿ ಸಲವೂ ಅದನ್ನು ಬಿಡಿಸಿ ತೆಗೆಯದಿದ್ದರೆ ಗಾಳಿಯಾಡದೆ ಯಂತ್ರ ಕೆಡುತ್ತದೆ, ಬೆಂಕಿಯೂ ಹತ್ತಬಹುದು. ನಾನು ತಪ್ಪದೆ ತೆಗೆದು ಕಸದ ಬುಟ್ಟಿಗೆ ಹಾಕುತ್ತಿದ್ದೆ. ಕೆಲವು ದಿನಗಳ ನಂತರ ನೋಡುತ್ತೇನೆ, ದೇವರ ಮುಂದೆ ತಿಳಿನೀಲಿ ಬಣ್ಣದ ಬತ್ತಿಯೊಂದು ಚಟಚಟನೆ ಉರಿಯುತ್ತಿದೆ. ಹೊಗೆ, ಕಮಟು ವಾಸನೆ.

“ಅವ್ವ, ಇದೇನು ಬತ್ತಿ?”

“ನಿನ್ ಮಿಷಿನ್ನಾಗೆ ಬಂದ ಹತ್ತಿ ಕಣೆ. ಏಟ್ ಮೆತ್ತಗದೆ! ಬಿಸಾಕ್ತಿದ್ಯಲ್ಲ, ಬುದ್ಧಿ ಇಲ್ದೋಳು.”

“ಅದು ಯಾವ ಬಟ್ಟೆಯ ಹತ್ತಿ ಅಂತ ಗೊತ್ತಾ ನಿನಗೆ?”

ಅವ್ವ ನನ್ನ ಮುಖ ನೋಡಿದರು, ದೇವರ ಮುಖ ನೋಡಿದರು. “ಒಗ್ದೇ ತಾನೇ ಹಾಕಿದ್ದು? ಮಡಿನೇ ಬುಡು,” ಎಂದು ಎಣ್ಣೆ ಸುರಿದರು. ಆದರೂ ಮರುದಿನ ಅಂಗಡಿಯ ಬತ್ತಿ ಬಂದಿತ್ತು. ಈ ವಿಷಯ ಅಪ್ಪನಿಗೆ ಯಾರೂ ಹೇಳಲಿಲ್ಲ. ಅಪ್ಪನಿಗೆ ಒಟ್ಟಾರೆ ಯಾವುದನ್ನೂ ಹೇಳಿರಲಿಲ್ಲ. ಅಷ್ಟು ಬಿಸಿಲಿರುವ ದೇಶದಲ್ಲಿ, ಅಂಥ ಬ್ಯಾರನ್ ಇರುವ ಮನೆಯಲ್ಲಿ, ಮಗಳು ಇದನ್ನೇಕೆ ತಂದಳೆಂದು ಅವರು ಕೇಳಿದಾಗೆಲ್ಲ “ಮಳೆ ಅಲ್ವಾ ಅಪ್ಪ” ಎಂದಷ್ಟೇ ಹೇಳಿ ಮಾತು ತೇಲಿಸುತ್ತಿದ್ದೆ. ಅವರೆದುರು ಆ ಪದ ಹೇಳುವ ಪ್ರಸಂಗ ಜೀವಮಾನದಲ್ಲಿ ಬರಬಾರದು, ಆ ಬಟ್ಟೆಗಳು ಯಾರ ಕಣ್ಣಿಗೂ ಬೀಳಬಾರದು, ಇಷ್ಟೇ ನನ್ನ ಆಸೆ.

ಒಂದು ಭಾನುವಾರ ವಾರದ ಬಟ್ಟೆಯನ್ನೆಲ್ಲ ಹಾಕಿದ್ದೆ. ಎಲ್ಲವೂ ಆ ಬಟ್ಟೆಗಳೇ. ಸ್ವಲ್ಪ ಹೊತ್ತಿಗೆ ಹೋಗಿ ಮುಟ್ಟಿದರೆ ಡ್ರಮ್ಮು ತಿರುಗುತ್ತಿದೆ, ಪೆಟ್ಟಿಗೆ ತಣ್ಣಗಿದೆ. ಬಾಗಿಲನ್ನು ಬೆರಳಷ್ಟು ತೆರೆದು ನೋಡಿದೆ. ಎಲ್ಲ ಹಾಗೇ ಒದ್ದೆ.

ಕ್ರಮವಾಗಿ ಹೋಗೋಣವೆಂದುಕೊಂಡೆ. ಜಾಲರಿ ನೋಡಿದೆ, ಶುಭ್ರವಾಗಿತ್ತು. ಪ್ಲಗ್ಗು ಬಿಗಿಯಾಗಿತ್ತು. ಪಂಪ್‌ಸೆಟ್ ಓಡುವಾಗ ನಮ್ಮಲ್ಲಿ ವೋಲ್ಟೇಜು ಇಳಿಯುವುದುಂಟು, ಆದರೆ ಆಗ ಪಂಪ್‌ಸೆಟ್ ಓಡುತ್ತಿರಲಿಲ್ಲ. ಗುಂಡಿ ತಪ್ಪಿ ತಣ್ಣನೆ ಗಾಳಿಗೆ ತಿರುಗಿದೆಯೇ ನೋಡಿದೆ, ಇಲ್ಲ. ಮೊಬೈಲಿನಲ್ಲಿ ಹುಡುಕಿದಾಗ ತಿಳಿದದ್ದು: ಬಿಸಿಗಾಳಿ ಹೊರಹೋಗಲು ದಾರಿಯಿಲ್ಲದೆ ಒಳಗೆ ಶಾಖ ಮಿತಿಮೀರಿದರೆ, ಹೀಟರನ್ನು ಕಡಿತ ಮಾಡುವ ಒಂದು ಪುಟ್ಟ ಸಾಧನ ಇರುತ್ತದೆ. ಮೊದಲು ಅಡಚಣೆ ತೆಗೆಯಬೇಕು, ಪ್ಲಗ್ಗು ಕಿತ್ತು ಯಂತ್ರ ಆರಲು ಬಿಡಬೇಕು, ಆಮೇಲೆ ಹಿಂಬದಿಯ ಸಣ್ಣ ಗುಂಡಿಯನ್ನು ಒತ್ತಬೇಕು.

ಪ್ಲಗ್ಗು ಕಿತ್ತು, ಹಿತ್ತಿಲಿಗೆ ಹೋಗಿ ಪೈಪಿನ ಬಾಯಿ ನೋಡಿದೆ. ಒಂದು ಗೋಣಿಚೀಲವನ್ನು ನೀಟಾಗಿ ಮಡಿಸಿ, ಸುತ್ತಿ, ಒಳಗೆ ಗಿಡಿದು, ಮೇಲೆ ಬಾಳೆನಾರಿನಿಂದ ಕಟ್ಟಲಾಗಿತ್ತು. ಕಟ್ಟು ನೋಡಿದರೇ ಯಾರ ಕೈಯದೆಂದು ಹೇಳಬಹುದಿತ್ತು.

“ಅಪ್ಪ!”

“ಏನವ್ವ?” ಚಪ್ಪರದಿಂದ ಬಂದರು. ಅವರ ಹಿಂದೆ ನನ್ನ ಚಿಕ್ಕಪ್ಪ. ಚಿಕ್ಕಪ್ಪನಿಗೆ ಯಾವ ಯಂತ್ರ ಕೆಟ್ಟರೂ ಸಂತೋಷ, ಜೇಬಿನಲ್ಲಿ ಸದಾ ಟೆಸ್ಟರ್.

“ಇದನ್ನ ಯಾಕೆ ಮುಚ್ಚಿದೆ?”

“ಮತ್ತೆ? ಶಾಖ ಎಲ್ಲ ಸುಮ್ನೆ ಹೊರೀಕ್ ಓಯ್ತಾ ಇತ್ತು. ಮೊದ್ಲು ಕಿಂಡಿ ಮುಚ್ಕೊಂಡು ಒಳ್ಗೇ ಬೆವರಿಸ್ಬೇಕು ಕಣವ್ವ. ಎಲೆ ಬೆವರಿದ್ ಮೇಲೆ ನಿಧಾನುಕ್ಕೆ ಕಿಂಡಿ ತೆಗೀಬೇಕು. ನಾನೇ ಬಂದು ತೆಗಿಯಾನ ಅಂತಿದ್ದೆ.”

“ಎಲೆ ಅಲ್ಲ ಅಪ್ಪ!”

“ಅಣ್ಣ ಹೇಳೋದ್ರಾಗೂ ಒಂದ್ ಪಾಯಿಂಟ್ ಅದೆ,” ಎಂದರು ಚಿಕ್ಕಪ್ಪ.

“ನೀನ್ ಸುಮ್ಕಿರ್ಲಾ,” ಎಂದರು ಅಪ್ಪ. ಬೆಂಬಲವನ್ನೂ ಅವರು ಎಲ್ಲರಿಂದಲೂ ಸ್ವೀಕರಿಸುವುದಿಲ್ಲ.

ಗೋಣಿ ಕಿತ್ತೆ. ಪೈಪನ್ನು ಬಿಚ್ಚಿ ಕೊಡವಿದೆ. ಒಳಗೆ ಅಂಟಿದ್ದ ನೂಲಿನ ಮುದ್ದೆಗಳನ್ನು ಕೋಲಿಗೆ ಬಟ್ಟೆ ಸುತ್ತಿ ತೆಗೆದು, ಎಲ್ಲೂ ಸೊಟ್ಟಗೆ ಬಾಗದಂತೆ ಮತ್ತೆ ಜೋಡಿಸಿದೆ. ಯಂತ್ರದ ಒಳಭಾಗವೂ ಆರಲೆಂದು ಕಾದೆ. ನಾನು ಕಾಯುತ್ತಿರುವುದೇ ಒಂದು ನೋಟವೆಂಬಂತೆ ಸೊಪ್ಪು ಕಟ್ಟುತ್ತಿದ್ದವರು ಒಬ್ಬೊಬ್ಬರಾಗಿ ಎದ್ದು ಬಂದು ಕೋಣೆಯ ಬಾಗಿಲಲ್ಲಿ ನಿಂತರು. ಎಲ್ಲರ ಕೈಯೂ ಸೊಪ್ಪಿನ ಅಂಟಿನಿಂದ ಕಪ್ಪು. ಹಿಂದಿನ ಗುಂಡಿ ಒತ್ತಿ, ಪ್ಲಗ್ಗು ಸಿಕ್ಕಿಸಿ, ಚಾಲೂ ಮಾಡಿದೆ. ಕೆಲವೇ ನಿಮಿಷದಲ್ಲಿ ತಗಡು ಬೆಚ್ಚಗಾಯಿತು.

“ಬಂತು ಶಾಖ!” ಎಂದು ಚಿಕ್ಕಪ್ಪ ತಾವೇ ರಿಪೇರಿ ಮಾಡಿದವರಂತೆ ಟೆಸ್ಟರನ್ನು ಜೇಬಿಗಿಟ್ಟರು.

ನಾನು ಇಷ್ಟು ಹೊತ್ತಿಗೆ ಎಲ್ಲರೂ ಹೋಗುತ್ತಾರೆಂದುಕೊಂಡಿದ್ದೆ. ಹೋಗಲಿಲ್ಲ. ಹಬೆ ಚೆನ್ನಾಗಿ ಬರತೊಡಗಿದ ಮೇಲೆ ಅಪ್ಪ ಪಂಚೆ ಮೇಲಕ್ಕೆ ಕಟ್ಟಿದರು. “ಈಗ ಒಂದ್ಸಾರಿ ಹದ ನೋಡ್ಬುಡಾನ,” ಎಂದರು.

ಅಪ್ಪ ಹದ ನೋಡುವ ರೀತಿ ನನಗೆ ಗೊತ್ತು. ಕಡ್ಡಿಯಿಂದ ಒಂದು ಎಲೆ ಕಿತ್ತು ಬೆಳಕಿಗೆ ಹಿಡಿಯುತ್ತಾರೆ. ಹಿಂದೆ ಮುಂದೆ ತಿರುಗಿಸುತ್ತಾರೆ. ಕೆನ್ನೆಗೆ ಒತ್ತಿಕೊಳ್ಳುತ್ತಾರೆ. ಆಮೇಲೆ ಸುತ್ತ ಇದ್ದವರಿಗೆಲ್ಲ ಕೈಯಿಂದ ಕೈಗೆ ದಾಟಿಸಿ “ಏನಂತೀರಿ?” ಎನ್ನುತ್ತಾರೆ.

ಅವರ ಕೈ ಡ್ರೈಯರಿನ ಹಿಡಿಯ ಮೇಲಿತ್ತು.

“ಅಪ್ಪ, ಬೇಡ.”

“ಯಾಕವ್ವ? ನೋಡ್ದೆ ಹೆಂಗ್ ಗೊತ್ತಾಯ್ತದೆ?”

“ತೆಗೀರಿ ಯಜಮಾನ್ರೆ, ನಾವೂ ನೋಡ್ತೀವಿ,” ಎಂದಳು ಮುಂದಾಳು. ಹಿಂದಿನವರು ಹಿಮ್ಮಡಿ ಎತ್ತಿ ಇಣುಕಿದರು.

ಕಾರಣ ಹೇಳದೆ ತಡೆಯಲು ಬರುವಂತಿರಲಿಲ್ಲ. ಇದ್ದ ಕಾರಣವಾದರೋ ಒಂದೇ, ಅದರ ಹೆಸರೂ ಒಂದೇ. ನಾನು ಬಾಯಿ ತೆರೆದೆ. ಆ ಪದ ನಾಲಿಗೆಯ ತುದಿಯವರೆಗೂ ಬಂದಿತ್ತು. ಹೊರಗೆ ಬಂದದ್ದು ಬೇರೆಯೇ.

“ಬಣ್ಣ ಕಟ್ಟೋ ಹೊತ್ತು ಅಪ್ಪ. ಈಗ ಬಾಗಿಲು ತೆಗೆದರೆ ಶಾಖ ಇಳಿದು ಕಪ್ಪು ತಿರುಗುತ್ತೆ.”

ಚಿಕ್ಕಪ್ಪ ನನ್ನನ್ನು ವಿಚಿತ್ರವಾಗಿ ನೋಡಿದರು. ಅಪ್ಪ ಮಾತ್ರ ಬೆಂಕಿ ಮುಟ್ಟಿದವರಂತೆ ಹಿಡಿಯಿಂದ ಕೈ ತೆಗೆದರು.

“ಅಯ್ಯೋ, ಹೌದಲ್ಲ!” ಎಂದರು. ನಂತರ ಜನದ ಕಡೆ ತಿರುಗಿ ಧ್ವನಿ ಏರಿಸಿದರು. “ಏನ್ ನೋಡ್ತಿದ್ದೀರಿ ಎಲ್ಲ? ನಡೀರಿ ಆಚೆಗೆ! ಬಣ್ಣ ಕಟ್ಟೋ ಹೊತ್ನಲ್ಲಿ ಬಾಗ್ಲತ್ರ ನಿಂತ್ಕೊಂಡು!”

“ಬಟ್ಟೆಗೆ ಎಲ್ಲಿ ಬಣ್ಣ ಕಟ್ತದೆ ಅಣ್ಣ?” ಎಂದರು ಚಿಕ್ಕಪ್ಪ.

“ನಿನ್ಗೇನ್ಲಾ ಗೊತ್ತು? ಓದಿರೋಳು ಹೇಳ್ತಾವ್ಳೆ. ಹೋದ್ ವರ್ಷ ನಿನ್ ಬ್ಯಾರನ್ನಾಗೆ ಸೊಪ್ಪೆಲ್ಲ ಕರೀಕಾಗಿದ್ದು ಇಂಗೇ ಬಾಗ್ಲು ತೆಗ್ದೂ ತೆಗ್ದೂ ನೋಡಿ.”

ಚಿಕ್ಕಪ್ಪನ ಬ್ಯಾರನ್ನಿನ ಮಾತು ಬಂದ ಮೇಲೆ ಹೆಂಗಸರು ಸೆರಗು ಬಾಯಿಗಿಟ್ಟು ಚಪ್ಪರದತ್ತ ನಡೆದರು. ಚಿಕ್ಕಪ್ಪ ಅವರಿಗಿಂತ ಮೊದಲೇ ಹೊರಗಿದ್ದರು. ಅಪ್ಪ ಒಂದು ಪ್ಲಾಸ್ಟಿಕ್ ಕುರ್ಚಿ ತಂದು ಕೋಣೆಯ ಹೊಸ್ತಿಲಾಚೆ ಹಾಕಿ, ಯಂತ್ರಕ್ಕೆ ಬೆನ್ನು ಮಾಡಿ ಕೂತರು. ಬಕೆಟ್ಟಿಗೆಂದು ಬಂದ ಅವ್ವನನ್ನೂ ಒಳಗೆ ಬಿಡಲಿಲ್ಲ. “ಏನಾಗದೆ ಇವ್ರಿಗೆ?” ಎಂದು ಅವ್ವ ನನ್ನನ್ನು ಕಣ್ಣಲ್ಲೇ ಕೇಳಿದರು. ನಾನು ಯಂತ್ರದ ಕಡೆ ನೋಡಿದೆ. ಅವ್ವನಿಗೆ ಅರ್ಥವಾಗಿ, ನಗು ತಡೆಯಲಾರದೆ ಬಕೆಟ್ ಬಿಟ್ಟೇ ಹೋದರು.

ಯಂತ್ರ ಗುಂಯ್ ಎಂದು ನಿಂತಿತು. ಅಪ್ಪ ಎದ್ದರು. ಒಳಗೆ ಬರುತ್ತಾರೇನೋ ಎಂದು ನಾನು ಡ್ರೈಯರಿಗೆ ಅಡ್ಡ ನಿಂತೆ. ಅವರು ಬರಲಿಲ್ಲ. ಕೋಣೆಯ ಬಾಗಿಲನ್ನು ಹೊರಗಿನಿಂದ ಎಳೆದುಕೊಂಡರು. ನಾನು ಡ್ರೈಯರ್ ತೆರೆದೆ. ಎಲ್ಲವೂ ಬೆಚ್ಚಗೆ, ಹಗುರಾಗಿ, ಗರಿಗರಿಯಾಗಿ ಇದ್ದವು.

“ಹದ ಹೆಂಗದೆ ಮಗ?” ಬಾಗಿಲಾಚೆಯಿಂದ ಕೇಳಿದರು.

“ಚೆನ್ನಾಗಿದೆ ಅಪ್ಪ.”

“ಬಣ್ಣ?”

ನಾನು ಕೈಯಲ್ಲಿದ್ದುದನ್ನು ನೋಡಿದೆ. “ಬಣ್ಣನೂ ಚೆನ್ನಾಗಿದೆ.”

“ಸರಿ ಕಣವ್ವ,” ಎಂದರು ಅಪ್ಪ, ಧ್ವನಿ ತಗ್ಗಿಸಿ. “ಯಾರ್ಗೂ ತೋರಿಸ್ಬ್ಯಾಡ. ದೃಷ್ಟಿ ಆಯ್ತದೆ.”

ತೋರಿಸಲಿಲ್ಲ.