ಬಾಜು ಮನೆಯ ಕಾಕು ಮತ್ತು ನನ್ನ ಹೆಂಡತಿಯ ಕುಬಸ

ಓದುವ ಎಲ್ಲರಿಗೂ ನಮಸ್ಕಾರ. ನಾನು ಅಕ್ಷರ ಕಲಿತದ್ದೇ ತಡವಾಗಿ, ಟೈಪ್ ಮಾಡುವುದು ಒಂದೇ ಬೆರಳಿನಿಂದ. ತಪ್ಪು ಕಂಡರೆ ಹೊಟ್ಟೆಗೆ ಹಾಕಿಕೊಳ್ಳಿ.

ಮೊನ್ನೆ ಟ್ರಂಕಿನ ತಳದಲ್ಲಿ ಹೆಂಡತಿಯ ಹಸಿರು ಸೀರೆ ಸಿಕ್ಕಿತು. ಬಿಚ್ಚಿದರೆ ಡಾಂಬರು ಗುಳಿಗೆಯ ವಾಸನೆ. ಅವಳ ಕುಬಸದ ಸೀರೆ ಅದು. ಏಳನೇ ತಿಂಗಳಲ್ಲಿ ತವರಿನವರು ಬಸುರಿಯನ್ನು ಕೂರಿಸಿ ಉಡಿ ತುಂಬುವ ಕಾರ್ಯಕ್ಕೆ ನಮ್ಮಲ್ಲಿ ಕುಬಸ ಎನ್ನುತ್ತಾರೆ. ನೆನಪಾದದ್ದು ಮಾತ್ರ ಬಾಜು ಮನೆಯ ಕಾಕು. ಚಿಕ್ಕಮ್ಮನಿಗೆ ನಮ್ಮ ಕಡೆ ಹಾಗೆನ್ನುತ್ತಾರೆ...

ಎರಡು ಸಾವಿರದ ಇಸವಿಯ ಆಸುಪಾಸು. ಬೆಳಗಾವಿಯ ಅನಗೋಳದಲ್ಲಿ, ರೈಲು ಹಳಿಯ ಹತ್ತಿರ ಬಾಡಿಗೆಗಿದ್ದೆವು. ಕಾಕು ಯಾರ ಮನೆಯ ಕಾರ್ಯಕ್ಕೂ ಹೋಗುತ್ತಿರಲಿಲ್ಲ. ಓಣಿಯವರು ಅದಕ್ಕೆ ಸೊಕ್ಕು ಎನ್ನುತ್ತಿದ್ದರು.

ಐದು ತಿಂಗಳು ತುಂಬಿದ ಮೇಲೆ ನನ್ನ ಹೆಂಡತಿ ನೀರು ಕುಡಿಯುವುದನ್ನೇ ಬಿಟ್ಟಳು. ತುಟಿಗಳು ಒಡೆದಿದ್ದವು. ಖಾನಾಪುರದಿಂದ ಅತ್ತೆ ಕುಬಸದ ಮಾತು ಹೇಳಿ ಕಳಿಸಿದರೆ, "ನಾ ಒಲ್ಲೆ" ಎಂದು ಬಾಗಿಲು ಹಾಕಿಕೊಂಡಳು. ಕೇಳಿದರೆ ಅಳು. ಹೊಟ್ಟೆಯಲ್ಲಿನ ಕೂಸಿಗೆ ಏನಾಗುತ್ತದೋ ಎಂದು ನನಗೆ ಊಟ ಸೇರುತ್ತಿರಲಿಲ್ಲ.

ಒಂದು ಮುಂಜಾನೆ ನಳದ ಹತ್ತಿರ ಕಾಕುವಿನ ದನಿ ಕೇಳಿತು.

"ದಿನಾ ಸೀರಿ ಒಳಗಿನ ಪರಕಾರ ಇಷ್ಟು ಯಾಕ ಒಗಿತಿ ಪೋರಿ? ಕೆಮ್ಮಿದ್ರ ಉಚ್ಚಿ ಸೋರತೈತೇನ?"

ಹೆಂಡತಿ ನಳ ಜೋರಾಗಿ ತಿರುಗಿಸಿದ್ದು ಕೇಳಿತು.

"ನಾಚಬ್ಯಾಡ. ನನಗೂ ಬಸರಾಗ ಹಿಂಗ ಚಾಲೂ ಆಗಿತ್ತು. ಯಾರ ಮುಂದೂ ಹೇಳಲಿಲ್ಲ. ಈಗ ನೋಡು, ಮಂದಿ ಬಾಯಾಗ ಸೊಕ್ಕಿನಕಿ ಆಗೇನಿ."

ಅಂದೇ ಕಾಕು ಅವಳನ್ನು ದವಾಖಾನೆಗೆ ಕರೆದೊಯ್ದರು. ಮೂತ್ರದ ಸೋಂಕು ಇಲ್ಲವೆಂದು ನೋಡಿಕೊಂಡು, ಲೇಡಿ ಡಾಕ್ಟರು ಮೂತ್ರ ತಡೆಯುವ ಸ್ನಾಯು ಬಿಗಿಹಿಡಿದು ಬಿಡುವ ವ್ಯಾಯಾಮ ಹೇಳಿಕೊಟ್ಟರು. ನೀರು ಬಿಟ್ಟದ್ದಕ್ಕೆ ಬೈದರು. ಮನೆಗೆ ಬಂದವಳು ವ್ಯಾಯಾಮಕ್ಕೆಂದು ಉಸಿರು ಕಟ್ಟಿ, ಮುಖ ಕೆಂಪಗೆ ಮಾಡಿಕೊಂಡು ಕೂತಳು.

"ಹೊಟ್ಟಿ ಯಾಕ ಬಿಗೀತಿ? ಮಂದ್ಯಾಗ ಕುಂತಾಗ ಗಾಳಿ ಬಂದ್ರ ಹೆಂಗ ತಡೀತಿ, ಹಂಗ ಕೆಳಗಿಂದ ಮ್ಯಾಲ ಜಗ್ಗು. ಉಸಿರು ಆಡ್ಲಿ. ಹಾಂ, ಈಗ ಸಡ್ಲ ಬಿಡು," ಎಂದರು ಕಾಕು.

ಎಷ್ಟೋ ದಿನದ ಮೇಲೆ ಹೆಂಡತಿ ನಕ್ಕಳು.

ಮುಂದೆ ಇಬ್ಬರೂ ಕಟ್ಟೆಯ ಮೇಲೆ ಅಕ್ಕಿ ಆರಿಸುತ್ತ ಕೂರುತ್ತಿದ್ದರು. ರೈಲು ಹಾಯುವಾಗ ಮಾತು ನಿಲ್ಲುತ್ತಿತ್ತು. ವ್ಯಾಯಾಮ ಮರೆಯಬಾರದೆಂದು ಕಾಕು ಮಾಡಿದ ಗುರುತು ಅದು. ಗಾಡಿ ಬಂದರೆ ಹಿಡಿಯಬೇಕು, ಬಿಡಬೇಕು, ಮತ್ತೆ ಹಿಡಿಯಬೇಕು. ನೋಡಿದವರಿಗೆ ಅಕ್ಕಿ ಆರಿಸಿದಂತೆಯೇ ಕಾಣುತ್ತಿತ್ತು.

ಸೋರುವುದು ಕಡಿಮೆಯಾಯಿತು, ಪೂರಾ ನಿಲ್ಲಲಿಲ್ಲ. ಕುಬಸ ಹತ್ತಿರ ಬಂತು.

"ಉಡಿ ತುಂಬಿದ ಮ್ಯಾಲ ಆರತಿ ಮುಗಿಯೂತನಕ ಏಳಾಕ ಬರೂದಿಲ್ಲರಿ. ಎಲ್ಲಾರ ಮುಂದ ಆದ್ರ?" ಹೆಂಡತಿ ನನಗೆ ಬಾಯಿಬಿಟ್ಟು ಹೇಳಿದ್ದು ಆಗಲೇ. ಕಾಕುವಿಗೆ ತಿಳಿಸಿದೆ. ಅವರು ಕೈಯಲ್ಲಿದ್ದ ಮೊರ ಕೆಳಗಿಟ್ಟು, "ನಾನೂ ಬರ್ತೀನಿ," ಎಂದರು.

ಖಾನಾಪುರದ ಬಸ್ಸಿನಲ್ಲಿ ಕಾಕು ಎರಡೂ ಕೈಯಿಂದ ಮುಂದಿನ ಸರಳು ಹಿಡಿದು ಕೂತಿದ್ದರು. ಪ್ರತಿ ಕುಲುಕಿಗೂ ಹಿಡಿತ ಬಿಗಿಯಾಗುತ್ತಿತ್ತು.

ಕುಬಸದಲ್ಲಿ ನಮ್ಮಿಬ್ಬರನ್ನೂ ಮಣೆಯ ಮೇಲೆ ಕೂರಿಸಿದರು. ಅವಳ ಉಡಿಯಲ್ಲಿ ಅಕ್ಕಿ, ಕೊಬ್ಬರಿ, ಉತ್ತತ್ತಿ. ಹೆಂಗಸರ ಹಾಡು ಮುಗಿಯಲೊಲ್ಲದು. ಊದಿನಕಡ್ಡಿಯ ಹೊಗೆಗೆ ಹೆಂಡತಿಗೆ ಕೆಮ್ಮು ಬರತೊಡಗಿತು. ಅವಳ ಉಗುರು ನನ್ನ ತೋಳಿನಲ್ಲಿ ನಾಟಿತು. ಗೋಡೆಗೆ ಒರಗಿದ್ದ ಕಾಕು ನೋಡಿದರು, ಎದ್ದು ನಿಂತರು.

"ಹಾಡು ನಿಂದರಸ್ರಿ. ನನಗ ಉಚ್ಚಿ ತಡಿಯೂದಿಲ್ಲ, ಮೊದಲಿಂದ ಹಂಗ ಐತಿ. ಈ ಪೋರಿ ನನ್ನನ್ನ ಹಿತ್ತಲಕ ಕರಕೊಂಡ ಹೋಗ್ಲಿ."

"ಮಣಿ ಮ್ಯಾಲಿಂದ ಬಸರ ಹೆಂಗಸನ್ನ ಎಬ್ಬಸ್ತಾರೇನ? ಬ್ಯಾರೆ ಯಾರರ ಬರ್ತಾರ ತಡೀರಿ," ಎಂದಳು ಆರತಿ ಹಿಡಿದ ಮುದುಕಿ.

"ನನಗ ಈಕಿನ ಬೇಕು."

ಯಾರೋ ಕಿಸಕ್ಕೆಂದರು. ಕಾಕುವಿನ ಮುಖ ಬೆವೆತಿತ್ತು... ಚಾಚಿದ ಕೈ ಹಾಗೇ ಇತ್ತು. ಅತ್ತೆ, ಮಗಳ ಮುಖ ನೋಡಿದವರೇ, ಉಡಿಯ ಅಕ್ಕಿಯನ್ನೆಲ್ಲ ತಮ್ಮ ಸೆರಗಿಗೆ ಇಳಿಸಿಕೊಂಡರು. ಹೆಂಡತಿ ಎದ್ದಳು. ಸೀರೆ ಒಣಗಿಯೇ ಇತ್ತು.

ಊಟದ ಹೊತ್ತಿಗೆ ಅದೇ ಮುದುಕಿ ಕಾಕುವಿನ ಪಕ್ಕಕ್ಕೆ ಸರಿದು, ದನಿ ತಗ್ಗಿಸಿ ಕೇಳಿದಳು. "ಅದಕ್ಕ ಏನರ ಔಷಧ ಐತೇನ್ರೀ ಅಕ್ಕಾರ?"

ಕಾಕು ತಾಟು ಬದಿಗಿಟ್ಟು, "ಹಿಂದಕ್ಕ ಸರದು ನೆಟ್ಟಗ ಕುಂದರ್ರಿ," ಎಂದರು.

ಹೆರಿಗೆಯಾದ ಮೇಲೂ ಹೆಂಡತಿ ವ್ಯಾಯಾಮ ಬಿಡಲಿಲ್ಲ, ಅವಳಿಗೆ ಪೂರಾ ಗುಣವಾಯಿತು. ಕಾಕುವಿಗೆ ಅಷ್ಟು ಆಗಲಿಲ್ಲ, ತಡವಾಗಿತ್ತು. ನಾವು ಮುಂದೆ ಖಾನಾಪುರಕ್ಕೆ ಬಂದೆವು. ಅವರು ತೀರಿಕೊಂಡ ಸುದ್ದಿ ನಮಗೆ ಮುಟ್ಟಿದ್ದು ಎಷ್ಟೋ ತಿಂಗಳ ನಂತರ. ಅವರ ಮಣ್ಣಿಗೂ ಹೋಗಲಾಗಲಿಲ್ಲ... ಈಗ ನನ್ನ ಮಗಳು ಬಸುರಿ. ಅವಳಿಗೆ ಹೇಳಿಕೊಡಲು ಹೆಂಡತಿ ಕೂತರೆ ನಾನು ಹೊರಗೆ ಎದ್ದು ಹೋಗುವುದಿಲ್ಲ.

ನಿಮ್ಮ ಮನೆಯಲ್ಲೂ ಇಂಥದ್ದನ್ನು ಯಾರಾದರೂ ನುಂಗಿಕೊಂಡು ಬದುಕಿದ್ದರೆ, ಅಥವಾ ಬಾಯಿಬಿಟ್ಟು ಹೇಳಿದ್ದರೆ, ದಯವಿಟ್ಟು ಬರೆಯಿರಿ.